ಓಡಿಸುವ ಚಿಂತೆ ಆಮೇಲೆ, ಮೊದಲು ನಿಲ್ಲಿಸುವ ಜಾಗ ನೋಡಿ

ಪ್ರಶ್ನೆ: ನಾವು ಪುಣೆಯ ಕೋಥ್ರೂಡ್‌ನಲ್ಲಿ ಇದ್ದೇವೆ. ಮೂಲ ಹುಬ್ಬಳ್ಳಿ. ನನಗೆ 62, ನಮ್ಮ ಮನೆಯವರಿಗೆ 66. ನಾನು ಶಾಲೆಯಲ್ಲಿ ಟೀಚರ್ ಆಗಿದ್ದೆ, ಅವರು ಬ್ಯಾಂಕಿನಲ್ಲಿದ್ದರು. ಈಗ ಇಬ್ಬರೂ ರಿಟೈರ್ ಆಗಿದ್ದೇವೆ. ಮೋಟಾರ್ ಹೋಮ್ (ಒಳಗೇ ಹಾಸಿಗೆ, ಒಲೆ, ಟಾಯ್ಲೆಟ್ ಇರುವ ಗಾಡಿ) ಬಾಡಿಗೆಗೆ ತಗೊಂಡು ಡಿಸೆಂಬರ್ ಕೊನೆಗೆ ಎಂಟು ದಿನ ಗೋವಾ, ಗೋಕರ್ಣ, ಮುರುಡೇಶ್ವರ, ಉಡುಪಿ ಸುತ್ತಿ ಬರಬೇಕು ಅಂತ ಅವರ ಆಸೆ. ಇಪ್ಪತ್ತು ವರ್ಷದಿಂದ ವ್ಯಾಗನ್ ಆರ್ ಓಡಿಸುತ್ತಾರೆ, ದೊಡ್ಡ ಗಾಡಿ ಮುಟ್ಟಿಲ್ಲ. ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತಗೋತಾರೆ. ನನಗೆ ಡ್ರೈವಿಂಗ್ ಬರುವುದಿಲ್ಲ. ಮಗ ಬೇಡವೇ ಬೇಡ ಅಂತಾನೆ. ನನಗಂತೂ ರಾತ್ರಿ ಎಲ್ಲಿ ಮಲಗೋದು, ಟಾಯ್ಲೆಟ್ ಹೇಗೆ ಅನ್ನೋದೇ ಚಿಂತೆ. ಹೋಗಬಹುದಾ?

ಉತ್ತರ: ಅಕ್ಕೋರೇ, ಧಾರಾಳವಾಗಿ ಹೋಗಿ. ಆದರೆ ನಿಮ್ಮ ಮನೆಯವರು ಹಾಕಿರುವ ಪ್ಲ್ಯಾನ್ ಹಿಡಿದುಕೊಂಡು ಹೋಗಬೇಡಿ. (ಧಾರವಾಡದ ಕಡೆಯವನು ನಾನು. ಟೀಚರಿಗೆ ಅಕ್ಕೋರು ಅನ್ನದೆ ಬೇರೆ ಮಾತು ಬಾಯಿಗೆ ಬರುವುದಿಲ್ಲ.)

ಪಿಂಪ್ರಿಯ ಒಂದು ವಾಹನ ಕಾರ್ಖಾನೆಯಲ್ಲಿ ನಾನು 31 ವರ್ಷ ಕೆಲಸ ಮಾಡಿದೆ. ಹೆಚ್ಚಿನ ಕಾಲ ವ್ಯಾನುಗಳ ಬ್ರೇಕ್ ಪರೀಕ್ಷೆಯಲ್ಲೇ ಕಳೆಯಿತು. ರಿಟೈರ್ ಆದ ಮೇಲೆ ನಾನೂ ನನ್ನ ಹೆಂಡತಿಯೂ ಏಳು ಸಲ ಇಂಥದೇ ಬಾಡಿಗೆ ಕ್ಯಾಂಪರ್ ವ್ಯಾನಿನಲ್ಲಿ ಕೊಂಕಣ, ಗೋವಾ, ಕಾರವಾರದ ಕಡೆ ಹೋಗಿ ಬಂದಿದ್ದೇವೆ. ನಮ್ಮ ವಯಸ್ಸಿನವರು ಈ ಬಗ್ಗೆ ಕೇಳಿದಾಗಲೆಲ್ಲ ಮೊದಲ ಪ್ರಶ್ನೆ ಒಂದೇ, ಅಷ್ಟು ದೊಡ್ಡ ಗಾಡಿ ಓಡಿಸೋಕೆ ಆಗುತ್ತಾ ಅಂತ. ನೀವು ಕೇಳಿದ್ದು ರಾತ್ರಿ ಎಲ್ಲಿ ಮಲಗೋದು ಅಂತ. ಮೊದಲು ಕೇಳಬೇಕಾದ್ದೂ ಅದನ್ನೇ. ಓಡಿಸುವುದು ಒಂದು ದಿನದಲ್ಲಿ ಕೈಗೆ ಬರುತ್ತದೆ. ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಹೊರದೇಶಗಳಲ್ಲಿ ಇಂಥ ಗಾಡಿಗಳಿಗೆ ಅಂತಲೇ ನೀರು, ಕರೆಂಟು, ಕೊಳೆ ಸುರಿಯುವ ಜಾಗ ಇರುವ ಮೈದಾನಗಳು ಊರೂರಿಗೆ ಸಿಗುತ್ತವೆ. ನಮ್ಮಲ್ಲಿ ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸ ನೀತಿ ತಂದಿತು. ಆದರೂ ದಾರಿಯುದ್ದಕ್ಕೂ ಅಂಥ ಮೈದಾನ ಸಿಗುತ್ತದೆ ಅಂತ ನಂಬಿಕೊಂಡು ಹೊರಡುವ ಹಾಗಿಲ್ಲ. ನಮ್ಮ ನಿಲ್ದಾಣ ನಾವೇ ಮಾಡಿಕೊಳ್ಳಬೇಕು. ಅದಕ್ಕೇ ಮೊದಲು ರಾತ್ರಿಗಳನ್ನು ಗಟ್ಟಿ ಮಾಡಿಕೊಳ್ಳಿ, ಆಮೇಲೆ ದಾರಿ, ಕೊನೆಗೆ ಗಾಡಿ.

ನಮ್ಮ ಮೊದಲ ಪ್ರವಾಸದಲ್ಲಿ ನಾವು ಇದನ್ನು ತಿರುವುಮುರುವು ಮಾಡಿದ್ದೆವು. ದಕ್ಷಿಣ ಗೋವಾದ ಒಂದು ಹೋಮ್‌ಸ್ಟೇಗೆ ಫೋನ್ ಮಾಡಿ ಪಾರ್ಕಿಂಗ್ ಇದೆಯಾ ಅಂತ ಕೇಳಿದ್ದೆ. ಇದೆ ಅಂದರು. ಮುಟ್ಟಿದಾಗ ಸಂಜೆ ಏಳೂವರೆ, ಪೂರ್ತಿ ಕತ್ತಲು. ಓಣಿ ಹೋಗ್ತಾ ಹೋಗ್ತಾ ಸಣ್ಣದಾಯಿತು. ಎರಡೂ ಕಡೆ ಕೆಂಪು ಕಲ್ಲಿನ ಗೋಡೆ, ಗೋಡೆಯಿಂದ ಓಣಿಗೆ ಬಾಗಿದ ಒಂದು ತೆಂಗಿನ ಮರ. ಗಾಡಿಯ ಚಾವಣಿಗೂ ಮರಕ್ಕೂ ಒಂದು ಗೇಣು ಅಂತರ. ಮುಂದೆ ಹೋಗುವ ಹಾಗಿಲ್ಲ, ತಿರುಗಿಸಲು ಜಾಗ ಇಲ್ಲ. ಹೆಂಡತಿ ಕೆಳಗಿಳಿದು ಮೊಬೈಲ್ ಟಾರ್ಚ್ ಹಿಡಿದಳು. ಎದುರು ಮನೆಯ ಮುದುಕರೊಬ್ಬರು ಬಂದು ಹಿಂದೆ ನಿಂತರು. ಇನ್ನೂರು ಮೀಟರ್ ರಿವರ್ಸ್ ಹೋಗಲು ಇಪ್ಪತ್ತೈದು ನಿಮಿಷ ಹಿಡಿಯಿತು. ಹೋಮ್‌ಸ್ಟೇಯವರು ಸುಳ್ಳು ಹೇಳಿರಲಿಲ್ಲ. ಅವರ ಪಾರ್ಕಿಂಗ್ ಇದ್ದದ್ದು ಕಾರಿಗೆ, ನಮ್ಮದು ಆರೂವರೆ ಮೀಟರ್ ಉದ್ದದ ಗಾಡಿ. ನಾನು ಕೇಳಬೇಕಾದ ಹಾಗೆ ಕೇಳಿರಲಿಲ್ಲ.

ಈಗ ನಾವು ಕೇಳುವ ರೀತಿಯೇ ಬೇರೆ. ಟೆಂಪೊ ಟ್ರಾವೆಲರ್ ಒಳಗೆ ಬರುತ್ತಾ ಅಂತ ಕೇಳುತ್ತೇವೆ. ಮೋಟಾರ್ ಹೋಮ್ ಅಂದರೆ ಯಾರಿಗೂ ಕಣ್ಣಿಗೆ ಕಟ್ಟುವುದಿಲ್ಲ, ಟೆಂಪೊ ಟ್ರಾವೆಲರ್ ಅಂದರೆ ಎಲ್ಲರಿಗೂ ಗೊತ್ತು. ನಮ್ಮಲ್ಲಿ ಬಾಡಿಗೆಗೆ ಸಿಗುವ ಬಹಳಷ್ಟು ಗಾಡಿಗಳು ಆ ಅಳತೆಯವೇ. ಆಮೇಲೆ ಗೇಟಿನ ಫೋಟೊ, ಗೇಟಿಗೆ ಬರುವ ಓಣಿಯ ಫೋಟೊ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳುತ್ತೇವೆ. ಫೋಟೊದಲ್ಲಿ ಗೇಟಿಗಿಂತ ಮೇಲೆ ನೋಡಿ, ಕೇಬಲ್ ಜೋತು ಬಿದ್ದಿದೆಯಾ, ಕೊಂಬೆ ಬಾಗಿದೆಯಾ ಅಂತ. ಗೀಸರ್‌ಗೆ ಹಾಕುವಂಥ ಹದಿನಾರು ಆಂಪಿಯರ್ ಪ್ಲಗ್ ಪಾಯಿಂಟ್ ಕೊಡ್ತೀರಾ, ಒಂದು ಟಾಯ್ಲೆಟ್ ಬಳಸಬಹುದಾ, ರಾತ್ರಿ ವಾಚ್‌ಮನ್ ಇರ್ತಾರಾ, ಇವನ್ನೂ ಕೇಳಿ. ನಾನು ಒಂದು ರೂಮಿನ ಅರ್ಧ ಬಾಡಿಗೆ ಕೊಡ್ತೀನಿ ಅಂತ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ. ಸೀಸನ್ ಇಲ್ಲದಿದ್ದರೆ ಇನ್ನೂ ಕಡಿಮೆಗೆ ಆಗುತ್ತದೆ. ಬೀಚಿನ ಪಕ್ಕ ಖಾಲಿ ಜಾಗ ಇದೆ, ಸುಮ್ನೆ ಅಲ್ಲೇ ಮಲಗೋಣ ಅನ್ನುವ ಆಸೆ ಮಾತ್ರ ಬಿಟ್ಟುಬಿಡಿ. ಗೋವಾದಲ್ಲಿ ಮರಳಿನ ಮೇಲೆ ಗಾಡಿ ಇಳಿಸಿದರೆ ಕೇಸು. ಪ್ರವಾಸಿ ಜಾಗಗಳಲ್ಲಿ ಬಯಲಲ್ಲಿ ಒಲೆ ಹಚ್ಚಿ ಅಡುಗೆ ಮಾಡಿದರೂ ದಂಡ ಬೀಳುತ್ತದೆ, 2019ರಿಂದ ಹಾಗೆ ಕಾನೂನು ಇದೆ. ನಮ್ಮ ವಯಸ್ಸಿನ ಇಬ್ಬರು ಒಂಟಿ ಜಾಗದಲ್ಲಿ ಯಾಕೆ ಮಲಗಬೇಕು ಹೇಳಿ? ಕಾಂಪೌಂಡ್ ಇರಬೇಕು, ಹತ್ತಿರ ದೀಪ ಇರಬೇಕು, ಕೂಗಿದರೆ ಓಗೊಡುವ ಒಬ್ಬ ಮನುಷ್ಯ ಇರಬೇಕು. ಗಾಡಿಯ ಮೂತಿ ಗೇಟಿನ ಕಡೆ ಇರುವ ಹಾಗೆ ನಿಲ್ಲಿಸಿ, ಡ್ರೈವರ್ ಸೀಟಿನ ಮೇಲೆ ಸಾಮಾನು ಹೇರಬೇಡಿ. ಏನಾದರೂ ಆದರೆ ಕೀಲಿ ತಿರುಗಿಸಿ ಹೊರಡುವ ಹಾಗಿರಬೇಕು.

ಈಗ ಟಾಯ್ಲೆಟ್ ವಿಷಯ. ಈ ಬಗ್ಗೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ನಾನು ಬಿಡಿಸಿಯೇ ಹೇಳುತ್ತೇನೆ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಕ್ಯಾಸೆಟ್ ಟಾಯ್ಲೆಟ್. ಮೇಲೆ ಚಿಕ್ಕ ಕಮೋಡ್, ಕೆಳಗೆ ಸೂಟ್‌ಕೇಸ್ ಥರದ ಒಂದು ಪ್ಲಾಸ್ಟಿಕ್ ಡಬ್ಬಿ. ಅದೇ ಕ್ಯಾಸೆಟ್, ಇಪ್ಪತ್ತು ಲೀಟರ್ ಆಸುಪಾಸು ಹಿಡಿಯುತ್ತದೆ. ಇಬ್ಬರೂ ಎಲ್ಲದಕ್ಕೂ ಅದನ್ನೇ ಬಳಸಿದರೆ ಎರಡು ದಿನಕ್ಕೆ ತುಂಬುತ್ತದೆ. ಗಾಡಿಯ ಹೊರಗಿನಿಂದ ಒಂದು ಚಿಕ್ಕ ಬಾಗಿಲು ತೆಗೆದು ಕ್ಯಾಸೆಟ್ಟನ್ನು ಎಳೆಯಬೇಕು. ತುಂಬಿದ್ದರೆ ಇಪ್ಪತ್ತು ಕಿಲೋ ಭಾರ, ಸೊಂಟ ನೋವಿದ್ದವರು ಅರ್ಧ ತುಂಬಿದಾಗಲೇ ಖಾಲಿ ಮಾಡುವುದು ಒಳ್ಳೆಯದು. ಒಂದು ಮೂಲೆಯಲ್ಲಿ ಉದ್ದ ಮೂತಿ ಇರುತ್ತದೆ. ಅದನ್ನು ಹೊರಗೆ ತಿರುಗಿಸಿ, ಮುಚ್ಚಳ ತೆಗೆದು, ಹೋಟೆಲಿನ ಟಾಯ್ಲೆಟ್ ಪಾಟಿನೊಳಗೆ ನಿಧಾನವಾಗಿ ಬಗ್ಗಿಸಬೇಕು. ಬಗ್ಗಿಸುವಾಗ ಗಾಳಿಯ ಬಟನ್ ಒತ್ತಿ ಹಿಡಿಯಿರಿ. ಒತ್ತದಿದ್ದರೆ ಗುಳುಗುಳು ಅಂತ ಎಗರಿ ಬಟ್ಟೆಗೆ ಸಿಡಿಯುತ್ತದೆ. ಆಮೇಲೆ ಎರಡು ಸಲ ನೀರು ಹಾಕಿ ಕುಲುಕಿ ಚೆಲ್ಲಿ, ಗಾಡಿಯವರು ಕೊಟ್ಟ ಔಷಧಿ ದ್ರಾವಣವನ್ನೂ ಸ್ವಲ್ಪ ನೀರನ್ನೂ ಹಾಕಿ ವಾಪಸ್ ತಳ್ಳಿ. ರಬ್ಬರ್ ಗ್ಲೌಸ್, ಒಂದು ಹಳೇ ಬಕೆಟ್ ಮನೆಯಿಂದಲೇ ತನ್ನಿ. ಒಟ್ಟು ಹತ್ತು ನಿಮಿಷದ ಕೆಲಸ. ಚರಂಡಿಗೆ, ಹಳ್ಳಕ್ಕೆ, ಹೊಲಕ್ಕೆ ಖಂಡಿತ ಸುರಿಯಬೇಡಿ.

ನಾವು ಮಾಡುವುದು ಏನೆಂದರೆ, ರಾತ್ರಿ ಮೂತ್ರಕ್ಕೆ ಮಾತ್ರ ಗಾಡಿಯ ಟಾಯ್ಲೆಟ್. ಬೆಳಗಿನದು, ಸ್ನಾನ, ಎಲ್ಲಾ ಹೋಟೆಲಿನದರಲ್ಲೇ. ಹೀಗೆ ಮಾಡಿದರೆ ಕ್ಯಾಸೆಟ್ಟು ಎರಡು ದಿನ ದಾಟಿ ಬರುತ್ತದೆ, ವಾಸನೆಯೂ ಇರುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರು ರಾತ್ರಿ ಎರಡು ಮೂರು ಸಲ ಏಳಬೇಕಾಗುತ್ತದೆ, ಅಲ್ವಾ? ನಿಮ್ಮ ಮನೆಯವರಿಗೆ ಕತ್ತಲಲ್ಲಿ ಹೊರಗೆ ಇಳಿಯುವ ಕಷ್ಟ ಇಲ್ಲ. ಹಾಸಿಗೆಯಲ್ಲಿ ಅವರು ಹೊರಬದಿಗೆ, ನೀವು ಗೋಡೆಯ ಕಡೆ. ನೆಲದ ಹತ್ತಿರ ಒಂದು ಚಿಕ್ಕ ದೀಪ ಇರಲಿ.

ಇನ್ನು ತಾರೀಖು. ಡಿಸೆಂಬರ್ ಕೊನೆಯ ವಾರ ಗೋವಾ ಬೇಡ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಅಲ್ಲಿ ಸ್ಕೂಟರ್ ನಿಲ್ಲಿಸಲೂ ಜಾಗ ಸಿಗುವುದಿಲ್ಲ, ಬಾಡಿಗೆ ಬೇರೆ ಏರಿರುತ್ತದೆ. ಸಂಕ್ರಾಂತಿ ಮನೆಯಲ್ಲಿ ಮಾಡಿ, ಎಳ್ಳುಬೆಲ್ಲ ಹಂಚಿ, ಆಮೇಲೆ ಹೊರಡಿ. ಜನವರಿ ಮೂರನೇ ವಾರದಿಂದ ಫೆಬ್ರವರಿ ಮಧ್ಯದವರೆಗೆ ಹವೆ ತಂಪು, ಜನವೂ ಕಡಿಮೆ. ಮಳೆಗಾಲದಲ್ಲಂತೂ ಈ ದಾರಿ ನಮ್ಮಂಥವರಿಗಲ್ಲ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದದ್ದು ನಿಮಗೂ ನೆನಪಿರಬೇಕು. ನೀವು ಗೋಕರ್ಣಕ್ಕೆ ಹೋಗುವುದು ಆ ದಾರಿಯಲ್ಲೇ.

ಊರುಗಳ ಪಟ್ಟಿಯಲ್ಲಿ ಮುರುಡೇಶ್ವರ, ಉಡುಪಿ ತೆಗೆದುಬಿಡಿ. ಎಂಟನ್ನು ಒಂಬತ್ತು ದಿನ ಮಾಡಿ. ದಿನಕ್ಕೆ 180 ಕಿಲೋಮೀಟರ್ ಆಸುಪಾಸಿಗೆ ನಿಲ್ಲಿಸಬೇಕು, ಸಂಜೆ ನಾಲ್ಕಕ್ಕೆ ಗಾಡಿ ನಿಂತಿರಬೇಕು. ಈ ಗಾಡಿಯಲ್ಲಿ ಗಂಟೆಗೆ ಸರಾಸರಿ ನಲವತ್ತು, ನಲವತ್ತೈದೇ ಆಗುವುದು. ವ್ಯಾಗನ್ ಆರ್ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನಾನಾಗಿದ್ದರೆ ಮೊದಲ ರಾತ್ರಿ ಕರಾಡ್‌ನಲ್ಲಿ ಮಾಡುತ್ತಿದ್ದೆ. ಪುಣೆಯಿಂದ ಸುಮಾರು 165 ಕಿ.ಮೀ. ಸಂಜೆ ಕೃಷ್ಣಾ ಕೊಯ್ನಾ ಸೇರುವ ಪ್ರೀತಿಸಂಗಮದ ಹತ್ತಿರ ಒಂದು ವಾಕಿಂಗ್ ಆಗುತ್ತದೆ. ಎರಡನೇ ದಿನ ಕೊಲ್ಹಾಪುರ, ನಿಪ್ಪಾಣಿ, ಸಂಕೇಶ್ವರ ದಾಟಿ ಆಜ್ರಾ ಮೇಲಿಂದ ಆಂಬೋಲಿ. ನಿಪ್ಪಾಣಿಯ ಹತ್ತಿರ ಕರ್ನಾಟಕಕ್ಕೆ ಬಂದು ಸಂಕೇಶ್ವರ ದಾಟಿದ ಮೇಲೆ ಮತ್ತೆ ಮಹಾರಾಷ್ಟ್ರಕ್ಕೆ ಹೋಗುತ್ತೀರಿ, ಸಂಕೇಶ್ವರದಲ್ಲಿ ಸಿಗುವ ಹಿರಣ್ಯಕೇಶಿ ನದಿ ಹುಟ್ಟುವುದು ಆಂಬೋಲಿಯಲ್ಲೇ. ಆಂಬೋಲಿಯಲ್ಲಿ ರಾತ್ರಿ ಕಳೆಯಿರಿ ಅನ್ನಲು ಎರಡು ಕಾರಣ ಇವೆ. ಊರು ಸುಮಾರು 690 ಮೀಟರ್ ಎತ್ತರದಲ್ಲಿದೆ, ಜನವರಿಯಲ್ಲಿ ರಾತ್ರಿ ಎಸಿ ಬೇಡ, ಬ್ಯಾಟರಿ ಉಳಿಯುತ್ತದೆ. ಎರಡನೆಯದು ಘಾಟ್. ಇಳಿಯುವುದನ್ನು ಮಾರನೆಯ ದಿನ ಬೆಳಿಗ್ಗೆ ಮಾಡಬಹುದು. ನಿದ್ದೆ ಆಗಿರುತ್ತದೆ, ಬ್ರೇಕ್ ತಣ್ಣಗಿರುತ್ತದೆ, ಮುಂದೆ ಓಡಿಸಬೇಕಾದ ದೂರವೂ ಕಡಿಮೆ. ಚೋರ್ಲಾ ಘಾಟಿನ ಮೇಲೆ ಹತ್ತಿರ ಅಂತ ಯಾರಾದರೂ ಹೇಳಬಹುದು. ಮೊದಲ ಪ್ರವಾಸಕ್ಕೆ ಅಷ್ಟೊಂದು ತಿರುವು ಬೇಡ.

ಮೂರನೇ ದಿನ ಸಾವಂತವಾಡಿಗೆ ಇಳಿದು ಗೋವಾ ಮುಟ್ಟಿ. ಅಲ್ಲಿ ಮೂರು ರಾತ್ರಿ ಇರಿ. ಮೊದಲನೆಯದು ಪಣಜಿ ಹತ್ತಿರ, ಉಳಿದೆರಡು ಕಾಣಕೋಣದ ಕಡೆ, ಒಂದೇ ಜಾಗದಲ್ಲಿ. ಸುತ್ತಾಡಲು ಆಟೊ, ಟ್ಯಾಕ್ಸಿ ಹಿಡಿಯಿರಿ. ಅಲ್ಲಿನ ಪಳೊಳೆ (ಪಾಲೋಲೆಂ) ಬೀಚಿನ ಓಣಿಗಳಿಗೆ ಈ ಗಾಡಿ ನುಗ್ಗಿಸಬೇಡಿ. ಆಮೇಲೆ ಕಾರವಾರದ ಮೇಲೆ ಗೋಕರ್ಣ, ಅಲ್ಲಿಂದ ಅಂಕೋಲಾ, ಯಲ್ಲಾಪುರ ದಾಟಿ ಹುಬ್ಬಳ್ಳಿ. ನಿಮ್ಮೂರಲ್ಲಿ ಒಂದು ರಾತ್ರಿ ನೆಂಟರ ಮನೆಯಲ್ಲಿ ನಿಜವಾದ ಮಂಚದ ಮೇಲೆ ಮಲಗಿ. ಆರು ರಾತ್ರಿ ಗಾಡಿಯ ಹಾಸಿಗೆಯಲ್ಲಿ ಮಲಗಿದ ಬೆನ್ನಿಗೆ ಅದು ಬೇಕು. ಹುಬ್ಬಳ್ಳಿಯಿಂದ ಪುಣೆಗೆ 430 ಕಿ.ಮೀ. ಆಸುಪಾಸು. ಒಂದೇ ದಿನಕ್ಕೆ ಬೇಡ, ಕೊಲ್ಹಾಪುರದಲ್ಲಿ ನಿಲ್ಲಿ. ಒಂಬತ್ತನೇ ದಿನ ಬೇಕು ಅಂದದ್ದು ಇದಕ್ಕೇ.

ಆ ಹೆದ್ದಾರಿಯಲ್ಲಿ ಕತ್ತಲಾದ ಮೇಲೆ ಯಾಕೆ ಓಡಿಸಬಾರದು ಅನ್ನುವುದಕ್ಕೆ ಕಬ್ಬು ಒಂದೇ ಸಾಕು. ಜನವರಿ ಅಂದರೆ ಸಾತಾರಾ, ಕೊಲ್ಹಾಪುರ ಭಾಗದಲ್ಲಿ ಕಾರ್ಖಾನೆಗಳ ಸೀಸನ್. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ, ಬಾಡಿಯಾಚೆಗೂ ಚಾಚಿಕೊಂಡ ಕಬ್ಬು, ಹಿಂದೆ ಎಷ್ಟೋ ಸಲ ಕೆಂಪು ದೀಪವೇ ಇರುವುದಿಲ್ಲ. ಎಂಬತ್ತರಲ್ಲಿ ಹೋಗುವವನಿಗೆ ಇಪ್ಪತ್ತರಲ್ಲಿ ಹೋಗುವ ಆ ಟ್ರಾಲಿ ಕಾಣುವುದು ತೀರಾ ಹತ್ತಿರ ಬಂದ ಮೇಲೆ. ಅರವತ್ತಾರರ ಕಣ್ಣಿಗೆ ಎದುರಿನ ಗಾಡಿಯ ಬೆಳಕು ಬಿದ್ದರೆ ಸುಧಾರಿಸಿಕೊಳ್ಳಲು ಹೊತ್ತು ಬೇಕು. ಸೂರ್ಯ ಮುಳುಗುವ ಮೊದಲು ನಿಲ್ಲಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ನಿಮ್ಮ ಮನೆಯವರೇ ಓಡಿಸಬಹುದಾ? ಕಣ್ಣಿನ ಪೊರೆ ಇಲ್ಲ, ಸಕ್ಕರೆ ಹಿಡಿತದಲ್ಲಿದೆ ಅಂತಾದರೆ ಓಡಿಸಬಹುದು. ಆದರೆ ಅದಕ್ಕೂ ಮೊದಲು ಒಂದು ದಿನ ಗಾಡಿ ತಗೊಂಡು ಪ್ರಾಕ್ಟೀಸ್ ಮಾಡಲೇಬೇಕು. ವಾರದ ನಡುವಿನ ಒಂದು ದಿನ ಕೋಥ್ರೂಡ್‌ನಿಂದ ಪೌಡ್ ರಸ್ತೆಯಲ್ಲಿ ಮುಳಶಿ ಅಣೆಕಟ್ಟಿನವರೆಗೆ ಹೋಗಿ ಬನ್ನಿ. ಏರು, ಇಳಿಜಾರು, ಪಿರಂಗುಟ್‌ನ ಟ್ರಾಫಿಕ್ ಎಲ್ಲಾ ಸಿಗುತ್ತದೆ. ಆ ರಾತ್ರಿ ನಿಮ್ಮ ಸೊಸೈಟಿಯ ಕಾಂಪೌಂಡಿನಲ್ಲೇ ಗಾಡಿ ನಿಲ್ಲಿಸಿ ಅದರಲ್ಲೇ ಮಲಗಿ. ಟಾಯ್ಲೆಟ್ ಬಳಸಿ, ಚಹಾ ಮಾಡಿ, ಬೆಳಿಗ್ಗೆ ಕ್ಯಾಸೆಟ್ ಖಾಲಿ ಮಾಡಿ. ಏನಾದರೂ ಸರಿ ಬರಲಿಲ್ಲವೋ, ಮೆಟ್ಟಿಲು ಹತ್ತಿ ನಿಮ್ಮ ಮನೆಗೆ ಹೋಗಬಹುದು. ಆ ಒಂದು ದಿನದ ಬಾಡಿಗೆ ಉಳಿಸಬೇಡಿ. ಮಗನನ್ನೂ ಆ ದಿನ ಕರೆಯಿರಿ, ಪಕ್ಕದ ಸೀಟಿನಲ್ಲಿ ಕೂರಿಸಿಕೊಳ್ಳಿ. ಕಣ್ಣಾರೆ ನೋಡಿದ ಮೇಲೆ ಅವನ ಭಯ ಅರ್ಧ ಇಳಿಯುತ್ತದೆ. ಇಳಿಯದಿದ್ದರೆ ಅವನು ಏನು ಹೇಳ್ತಾನೋ ಅದನ್ನೂ ಕೇಳಿ. ಪಕ್ಕದಲ್ಲಿ ಕೂತವರಿಗೆ ಕಾಣುವುದು ಓಡಿಸುವವರಿಗೆ ಕಾಣುವುದಿಲ್ಲ. ಅವರಿಗೆ ಕೈಗೆ ಬರಲಿಲ್ಲ ಅಂದರೆ ಡ್ರೈವರ್ ಸಮೇತ ಗಾಡಿ ತಗೊಳ್ಳಿ. ಆಗ ಡ್ರೈವರ್ ರಾತ್ರಿ ಎಲ್ಲಿ ಮಲಗುತ್ತಾನೆ ಅಂತ ಮೊದಲೇ ಮಾತಾಡಿ, ಅವನಿಗೊಂದು ರೂಮು ಮಾಡಿಕೊಡಿ. ಮುಂದಿನ ಸೀಟಿನಲ್ಲಿ ಮುದುಡಿ ಮಲಗಿದವನ ಕೈಗೆ ಬೆಳಿಗ್ಗೆ ಘಾಟಿನಲ್ಲಿ ಸ್ಟೀರಿಂಗ್ ಕೊಡಬಾರದು.

ಬ್ರೇಕ್ ನನ್ನ ವಿಷಯ, ಅದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ನಿಮ್ಮ ಮನೆಯವರಿಗೆ ಓದಿ ಹೇಳಿ. ವ್ಯಾಗನ್ ಆರ್ ಸುಮಾರು 850 ಕಿಲೋ. ನೀರು, ಬ್ಯಾಟರಿ, ಫ್ರಿಜ್ಜು, ಹಾಸಿಗೆ ತುಂಬಿದ ಈ ಗಾಡಿ ಮೂರೂವರೆ ಟನ್ನಿನ ಹತ್ತಿರ. ಒಂದೇ ವೇಗದಲ್ಲಿದ್ದರೂ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು. ಆಂಬೋಲಿಯಲ್ಲಿ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ದ್ರವ ಕುದಿಯಲು ಹತ್ತಿದರೆ ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುತ್ತದೆ. ಹತ್ತುವಾಗ ಯಾವ ಗೇರು ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರು. ಇಳಿಜಾರು ಶುರುವಾಗುವ ಮೊದಲೇ ಹಾಕಬೇಕು, ಎರಡು ಇಲ್ಲವೇ ಮೂರು. ಎಂಜಿನ್ ಗುರ್ ಅನ್ನುತ್ತದೆ, ಅನ್ನಲಿ, ಅದೇ ಗಾಡಿಯನ್ನು ಹಿಡಿದಿರುವುದು. ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಮತ್ತೆ ಬೇಕಾದಾಗ ಒತ್ತಿ. ರಬ್ಬರ್ ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ಅರ್ಧ ಗಂಟೆ ನಿಲ್ಲಿ. ಕಾದ ಚಕ್ರಕ್ಕೆ ನೀರು ಎರಚಬೇಡಿ. ಹಿಂದಿನವರು ಹಾರ್ನ್ ಹೊಡೆದರೆ ಎಡಕ್ಕೆ ಸರಿದು ದಾರಿ ಬಿಟ್ಟುಕೊಡಿ.

ಇನ್ನೊಂದು ವಿಷಯ, ಗಾಡಿ ಹೊರಡುವ ಮೊದಲು ಮನೆ ಮುಚ್ಚಬೇಕು. ಕಪಾಟು, ಡ್ರಾಯರ್, ಫ್ರಿಜ್ಜಿನ ಬಾಗಿಲು, ಗ್ಯಾಸಿನ ವಾಲ್ವ್, ಮೇಲಿನ ಕಿಟಕಿ, ಕೆಳಗಿನ ಮೆಟ್ಟಿಲು, ಹೊರಗೆ ಚುಚ್ಚಿದ ವೈರು. ಖಂಬಾಟ್ಕಿ ಘಾಟಿನಲ್ಲಿ ಒಮ್ಮೆ ಬ್ರೇಕ್ ಹಾಕಿದಾಗ ಡ್ರಾಯರ್ ಜಾರಿ ಶೇಂಗಾ ಚಟ್ನಿಯ ಸ್ಟೀಲ್ ಡಬ್ಬಿ ಉರುಳುತ್ತಾ ಬಂದು ನನ್ನ ಪಾದದ ಹತ್ತಿರ ನಿಂತಿತು. ಹೆಂಡತಿ ಬಗ್ಗಿ ಎತ್ತಿಕೊಂಡಳು. ಅದು ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ. ಆವತ್ತಿನಿಂದ ಈ ಕೆಲಸ ಅವಳದು. ಅವಳು ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಿ ಬಂದು ಕೂತು 'ರೈಟ್' ಅನ್ನುವವರೆಗೆ ನಾನು ಕೀಲಿ ತಿರುಗಿಸುವುದಿಲ್ಲ.

ರಿವರ್ಸ್ ಕೂಡ ನಿಮ್ಮದೇ ಕೆಲಸ. ಡ್ರೈವಿಂಗ್ ಬರುವುದಿಲ್ಲ ಅಂದಿರಿ, ಇದಕ್ಕೆ ಅದು ಬೇಕಾಗಿಲ್ಲ. ಗಾಡಿಯ ಹಿಂದೆ ಬಲಗಡೆ, ಅವರ ಬಲಗನ್ನಡಿಯಲ್ಲಿ ನೀವು ಕಾಣುವ ಹಾಗೆ ನಿಲ್ಲಿ. ನೇರ ಹಿಂದೆ ನಿಲ್ಲಲೇಬೇಡಿ. 'ಬರ್ಲಿ, ಬರ್ಲಿ' ಅನ್ನುತ್ತಿರುವವರೆಗೆ ಬರಬೇಕು, 'ಹೋಲ್ಡಾನ್' ಅಂದರೆ ಆ ಕ್ಷಣ ನಿಲ್ಲಬೇಕು, ಕನ್ನಡಿಯಲ್ಲಿ ನೀವು ಕಾಣದಿದ್ದರೂ ನಿಲ್ಲಬೇಕು. ಪಕ್ಕದವರು ಮರಾಠಿಯಲ್ಲಿ 'ಯೇವು ದ್ಯಾ, ಯೇವು ದ್ಯಾ' ಅಂತ ಎಷ್ಟೇ ಕೂಗಿದರೂ ನಿಮ್ಮ ಮನೆಯವರು ಕೇಳಬೇಕಾದದ್ದು ನಿಮ್ಮ ಮಾತನ್ನು ಮಾತ್ರ. ಎಷ್ಟೋ ವರ್ಷ ಮಕ್ಕಳ ಸಾಲು ನಿಲ್ಲಿಸಿದ ಗಂಟಲು ನಿಮ್ಮದು, ಕೇಳಿಸದೇ ಇರುವ ಪ್ರಶ್ನೆಯೇ ಇಲ್ಲ.

ಕಾಗದಪತ್ರ ಬೇಗ ಹೇಳಿಬಿಡುತ್ತೇನೆ. ಡ್ರೈವರ್ ಇಲ್ಲದೆ ಬಾಡಿಗೆಗೆ ಕೊಡುವ ಗಾಡಿಯ ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ ಇರಬೇಕು. ಡ್ರೈವರ್ ಸಮೇತದ್ದಾದರೆ ಹಳದಿ ಪ್ಲೇಟ್, ಕಪ್ಪು ಅಕ್ಷರ. ಬಿಳಿ ಪ್ಲೇಟಿನ ಖಾಸಗಿ ಗಾಡಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ತಗೋಬೇಡಿ, ಅಪಘಾತವಾದರೆ ವಿಮೆಯ ದುಡ್ಡು ಸಿಗದೇ ಹೋಗಬಹುದು. ಮೂರೂ ರಾಜ್ಯದಲ್ಲಿ ಓಡಿಸಲು ಪರ್ಮಿಟ್ ಇದೆಯಾ ನೋಡಿ. ಲೈಸನ್ಸ್ ಹೊಸದು ಬೇಕಿಲ್ಲ. ಕಾರಿನ ಲೈಸನ್ಸಿನಲ್ಲಿ ಒಟ್ಟು ತೂಕ 7500 ಕಿಲೋ ದಾಟದ ಬಾಡಿಗೆ ಗಾಡಿಯನ್ನೂ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ 55 ದಾಟಿದ ಮೇಲೆ ಲೈಸನ್ಸ್ ಐದೈದು ವರ್ಷಕ್ಕೆ ರಿನ್ಯೂ ಆಗುತ್ತದೆ, ಅವರದರ ತಾರೀಖು ಇವತ್ತೇ ನೋಡಿ. ಗಾಡಿ ತಗೊಳ್ಳುವಾಗ ಟೈರಿನ ಪಕ್ಕ ಉಬ್ಬಿದ ನಾಲ್ಕು ಅಂಕಿ ಓದಿ. 2322 ಅಂತಿದ್ದರೆ 2022ರ 23ನೇ ವಾರ ತಯಾರಾದದ್ದು. ಐದು ವರ್ಷಕ್ಕಿಂತ ಹಳೆಯದಾದರೆ ನಾನು ಗಾಡಿ ಒಪ್ಪಿಕೊಳ್ಳುವುದಿಲ್ಲ. ಗಾಡಿಯ ಎತ್ತರ ಎಷ್ಟು ಅಂತ ಚೀಟಿಯಲ್ಲಿ ಬರೆದು ಸ್ಟೀರಿಂಗ್ ಎದುರು ಅಂಟಿಸಿ.

ಕರೆಂಟಿನ ಲೆಕ್ಕ ಹೀಗೆ. 200 ಆಂಪಿಯರ್ ಅವರ್‌ನ 12 ವೋಲ್ಟ್ ಬ್ಯಾಟರಿ ಅಂದರೆ ಸುಮಾರು ಎರಡೂವರೆ ಯೂನಿಟ್. ಒಂದು ಟನ್ ಎಸಿ ಗಂಟೆಗೆ ಒಂದು ಯೂನಿಟ್ ಹತ್ತಿರ ತಿನ್ನುತ್ತದೆ. ಎರಡು ಮೂರು ಗಂಟೆಯಲ್ಲಿ ಬ್ಯಾಟರಿ ಖಾಲಿ. ಗೋವಾದ ರಾತ್ರಿಗೆ ಹೊರಗಿನ ಪ್ಲಗ್ಗು ಬೇಕೇ ಬೇಕು. ಇಪ್ಪತ್ತು ಮೀಟರ್, 2.5 ಎಂಎಂ, ಅರ್ಥಿಂಗ್ ಇರುವ ವೈರು ಗಾಡಿಯಲ್ಲಿದೆಯಾ ಕೇಳಿ. ಬಳಸುವಾಗ ಸುರುಳಿ ಪೂರ್ತಿ ಬಿಚ್ಚಿ, ಸುತ್ತಿಟ್ಟ ವೈರು ಕಾಯುತ್ತದೆ. ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ಯಾವ ಕಾರಣಕ್ಕೂ ಮಲಗಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಗ್ಯಾಸ್ ಒಲೆ ಹಚ್ಚುವಾಗಲೂ ಕಿಟಕಿ ತೆರೆದಿರಲಿ.

ಇನ್ಸುಲಿನ್ ಬಗ್ಗೆ. ತೆರೆಯದ ಪೆನ್ನುಗಳಿಗೆ 2ರಿಂದ 8 ಡಿಗ್ರಿ ತಂಪು ಬೇಕು. ಗಾಡಿಯ ಚಿಕ್ಕ ಫ್ರಿಜ್ಜಿನಲ್ಲಿ ತಣ್ಣನೆಯ ಗೋಡೆಗೆ ತಾಗಿದರೆ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದ್ದು ಕರಗಿದರೂ ಬಳಸುವ ಹಾಗಿಲ್ಲ. ಒಂದು ಡಬ್ಬಿಯಲ್ಲಿ ಹಾಕಿ ನಡುವೆ ಇಡಿ, ಜೊತೆಗೆ ಒಂದು ಪುಟ್ಟ ಥರ್ಮಾಮೀಟರ್ ಇರಲಿ. ಪ್ರಾಕ್ಟೀಸ್ ರಾತ್ರಿಯಲ್ಲೇ ಅದು ಎಷ್ಟು ತೋರಿಸುತ್ತದೆ ನೋಡಿಬಿಡಿ. ಬಳಕೆಯಲ್ಲಿರುವ ಪೆನ್ನು ನಿಮ್ಮ ಕೈಚೀಲದಲ್ಲಿರಲಿ, ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಟ್ಟು ಹೋಗಬೇಡಿ. ಸ್ಟೀರಿಂಗ್ ಹಿಡಿಯುವ ಮೊದಲು ಪ್ರತಿ ಸಲ ಸಕ್ಕರೆ ನೋಡಿಕೊಳ್ಳಬೇಕು. ಬೆವರು, ಕೈನಡುಕ, ಮಾತಿನಲ್ಲಿ ತಡವರಿಕೆ ಕಂಡರೆ ಮೊದಲು ಗುರುತು ಹಿಡಿಯುವವರು ನೀವೇ. ತಕ್ಷಣ ಪಕ್ಕಕ್ಕೆ ನಿಲ್ಲಿಸಿ, ಗ್ಲೂಕೋಸ್ ಕೊಡಿ. ಸರಿಯಾಯಿತು ಅಂತ ಅವರು ಹೇಳಿದರೂ ಮುಕ್ಕಾಲು ಗಂಟೆ ಹೊರಡಬೇಡಿ. ಊಟದ ಹೊತ್ತು, ಡೋಸು ಏನು ಮಾಡಬೇಕು ಅಂತ ಹೊರಡುವ ಮೊದಲು ಅವರ ಡಾಕ್ಟರನ್ನು ಕೇಳಿ. ಎರಡು ಗಂಟೆಗೊಮ್ಮೆ ಇಬ್ಬರೂ ಇಳಿದು ಹತ್ತು ನಿಮಿಷ ನಡೆಯಿರಿ. 1033 ಹೆದ್ದಾರಿಯ ಸಹಾಯವಾಣಿ, 112 ಎಲ್ಲದಕ್ಕೂ. ಲೈವ್ ಲೊಕೇಶನ್ ಮಗನಿಗೆ ಕಳಿಸಿಡಿ, ಸಂಜೆ ಗಾಡಿ ನಿಲ್ಲಿಸಿದ ತಕ್ಷಣ ಒಂದು ಫೋನ್ ಮಾಡಿ.

ಅಡುಗೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಚಹಾ, ಅವಲಕ್ಕಿ, ಅನ್ನ, ಸಾರು, ಇಷ್ಟೇ ಗಾಡಿಯಲ್ಲಿ. ಖಡಕ್ ರೊಟ್ಟಿ, ಚಟ್ನಿಪುಡಿ ಮನೆಯಿಂದ ಬರುತ್ತದೆ, ಹುರಿಯುವುದು ಕರಿಯುವುದು ಬೇಡ, ಎಣ್ಣೆ ವಾಸನೆ ಹಾಸಿಗೆಗೆ ಹಿಡಿದರೆ ಒಂಬತ್ತು ದಿನವೂ ಹೋಗುವುದಿಲ್ಲ. ಇಬ್ಬರಿಗೆ ದಿನಕ್ಕೆ ಇಪ್ಪತ್ತೈದು ಮೂವತ್ತು ಲೀಟರ್ ನೀರು ಸಾಕು, ಕುಡಿಯುವುದು ಬೇರೆ ಕ್ಯಾನಿನಲ್ಲಿ.

ಗಾಡಿಯವರಿಗೆ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ಅಂದುಕೊಂಡಿದ್ದೇನೆ. ಕೊಡಬೇಡಿ. ಮೊದಲು ಕರಾಡ್‌ನ ಎರಡು ಮೂರು ಹೋಟೆಲ್ಲಿಗೆ, ಆಂಬೋಲಿಯ ರೆಸಾರ್ಟುಗಳಿಗೆ ಫೋನ್ ಮಾಡಿ ಗೇಟಿನ ಫೋಟೊ ತರಿಸಿಕೊಳ್ಳಿ. ಆ ಫೋನು ನೀವೇ ಮಾಡಿ, ಮನೆಯವರಿಗೆ ಬಿಡಬೇಡಿ. ಅವರು ಪಾರ್ಕಿಂಗ್ ಇದೆಯಾ ಅಂತ ಕೇಳಿ ಇಟ್ಟುಬಿಡುತ್ತಾರೆ, ನಾನು ಮಾಡಿದ ಹಾಗೆ.